ಒಳ ಅಳತೆ, ಹೊರ ಅಳತೆ: ಕಾರಿಗೆ ಸಬ್‌ವೂಫರ್ ಪೆಟ್ಟಿಗೆ ಮಾಡಿಸಿದ ಮೂರು ತಿಂಗಳು

ಕಳೆದ ಭಾನುವಾರ ಸಂಜೆ ನನ್ನ ಕಾರಿನ ಡಿಕ್ಕಿಯಲ್ಲಿ ಸಬ್‌ವೂಫರ್, ಅಂದರೆ ತಳಸ್ವರಗಳನ್ನಷ್ಟೇ ನುಡಿಸುವ ದೊಡ್ಡ ಸ್ಪೀಕರಿನ ಪೆಟ್ಟಿಗೆ ಕೊನೆಗೂ ಭದ್ರವಾಗಿ ಕುಳಿತಿತು. ಜೂನ್ ಎರಡನೆಯ ವಾರ ಕೈಗೆತ್ತಿಕೊಂಡ ಈ ಕೆಲಸ ನಾಗರ ಪಂಚಮಿ ಹೋಗಿ, ಗಣಪತಿ ಹಬ್ಬ ಬಂದು, ಹನ್ನೊಂದನೆಯ ದಿನದ ವಿಸರ್ಜನೆಯೂ ಆದ ಮೇಲೆ ಮುಗಿಯಿತು. ಒಂದು ಪೆಟ್ಟಿಗೆಗಾಗಿ ಹೊರಟವನು ಮೂರು ಪೆಟ್ಟಿಗೆಗಳಿಗೆ ಹಣ ತೆತ್ತಿದ್ದೇನೆ. ಮೊದಲಿನ ಎರಡು ಏಕೆ ಕೆಲಸಕ್ಕೆ ಬರಲಿಲ್ಲ ಎಂಬುದು ಮುಂಚೆಯೇ ತಿಳಿದಿದ್ದರೆ, ಇದು ಎರಡು ವಾರಗಳಲ್ಲಿ, ಮೂರು ಸಾವಿರಕ್ಕೂ ಹೆಚ್ಚು ರೂಪಾಯಿ ಉಳಿಸಿಕೊಂಡು ಮುಗಿಸಬಹುದಾಗಿದ್ದ ಕೆಲಸ. ಹುಬ್ಬಳ್ಳಿ-ಧಾರವಾಡದಲ್ಲಿ ಇದೇ ದಾರಿ ಹಿಡಿಯುವವರಿಗೆ ಉಪಯೋಗವಾದೀತೆಂದು, ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ನನ್ನ ಮನೆ ಧಾರವಾಡದ ಸಪ್ತಾಪುರದಲ್ಲಿ, ಕಚೇರಿ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ. ದಿನಕ್ಕೆ ಹೋಗಿಬರುವ ನಲವತ್ತು ಕಿಲೋಮೀಟರಿನಲ್ಲಿ ನಾನು ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ ಸಂಗೀತ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣಗಳಿಗೆ ಸಬ್‌ವೂಫರ್ ಏನೂ ಬೇಕಾಗಿಲ್ಲ, ಏಕೆಂದರೆ ಅವುಗಳಲ್ಲಿ ಆ ತಳಸ್ವರ ಹೆಚ್ಚು ಉಳಿದೇ ಇಲ್ಲ. ಆದರೆ ಈಚಿನ ಮುದ್ರಣಗಳಲ್ಲಿ ತಬಲಾದ ಡಗ್ಗದ ಮೀಂಡ್, ಅಂದರೆ ಅಂಗೈಯ ಬುಡವನ್ನು ಒತ್ತಿ ಜಾರಿಸುವಾಗ ಬರುವ ಆ ತುಂಬಿದ ನಾದ, ಕಾರಿನ ಬಾಗಿಲಿನ ಸ್ಪೀಕರುಗಳಲ್ಲಿ ಬರಿಯ ‘ಟಪ್’ ಎಂಬ ಸದ್ದಾಗಿ ಕೇಳುತ್ತಿತ್ತು. ನನಗೆ ಬೇಕಾಗಿದ್ದುದು ಆ ಡಗ್ಗವೇ ಹೊರತು ರಸ್ತೆ ನಡುಗಿಸುವ ಅಬ್ಬರವಲ್ಲ. ಈ ಮಾತನ್ನು ಅಂಗಡಿಗೆ ಹೋದ ಮೊದಲ ದಿನವೇ ಸ್ಪಷ್ಟವಾಗಿ ಹೇಳದಿದ್ದುದು ನನ್ನ ಮೊದಲ ತಪ್ಪು.

ಅಂಗಡಿಯವರು 12 ಇಂಚಿನ ಒಂದು ಸಬ್‌ವೂಫರ್, ಅದಕ್ಕೆ ಶಕ್ತಿ ಕೊಡುವ ಒಂದು ಮೋನೋ ಆಂಪ್ಲಿಫೈಯರ್ ತೋರಿಸಿದರು. ಸ್ಪೀಕರಿನ ರಟ್ಟಿನ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 1200 ವ್ಯಾಟ್ ಎಂದು ಅಚ್ಚಾಗಿತ್ತು; ಒಳಗಿನ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಆರ್‌ಎಂಎಸ್ 250 ವ್ಯಾಟ್ ಎಂದಿತ್ತು. ಲೆಕ್ಕಕ್ಕೆ ಹಿಡಿಯಬೇಕಾದುದು ಎರಡನೆಯದನ್ನೇ, ಏಕೆಂದರೆ ಸ್ಪೀಕರು ಗಂಟೆಗಟ್ಟಲೆ ತಾಳಿಕೊಳ್ಳುವುದು ಅಷ್ಟನ್ನೇ. ಪೆಟ್ಟಿಗೆಯ ವಿಷಯ ಬಂದಾಗ ಅಂಗಡಿಯವರು ಗೋಡೆಗೆ ಒರಗಿಸಿಟ್ಟಿದ್ದ ಸಾಲಿನಿಂದ ಒಂದನ್ನು ಎಳೆದು, “ಸರ್ರ, ಈ ಬಾಕ್ಸಿನ್ಯಾಗ ಯಾವ ಹನ್ನೆರಡಿಂಚಿನ ವೂಫರ್ ಬೇಕಾದ್ರೂ ಕೂಡ್ರತೈತಿ, ಚಿಂತಿ ಮಾಡಬ್ಯಾಡ್ರಿ” ಎಂದರು. ಅವರು ಹೇಳಿದ್ದು ಸುಳ್ಳಲ್ಲ, ಸ್ಪೀಕರು ಅದರಲ್ಲಿ ಕುಳಿತಿತು. ರಂಧ್ರಕ್ಕೆ ಕೂಡುವುದು ಬೇರೆ, ಪೆಟ್ಟಿಗೆಗೂ ಸ್ಪೀಕರಿಗೂ ಹೊಂದುವುದು ಬೇರೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಪೆಟ್ಟಿಗೆಗೆ 3,500 ರೂಪಾಯಿ ಕೊಟ್ಟು ಮನೆಗೆ ಬಂದೆ.

ಮರುದಿನ ನವಲೂರು ದಾಟುವಷ್ಟರಲ್ಲಿಯೇ ಏನೋ ಸರಿಯಿಲ್ಲವೆಂದು ತಿಳಿಯಿತು. ಡಗ್ಗವಿರಲಿ, ಪಖವಾಜವಿರಲಿ, ಚಿತ್ರಗೀತೆಯ ಬೇಸ್ ಗಿಟಾರ್ ಇರಲಿ, ಎಲ್ಲವೂ ಒಂದೇ ಸ್ವರದ ‘ಧಂ’ ಆಗಿ ಬರುತ್ತಿತ್ತು. ನಮ್ಮ ಕಡೆ ಹೋಳಿ ಹುಣ್ಣಿಮೆಗೆ ಬಾರಿಸುವ ಜಗ್ಗಲಗಿಯನ್ನು ಕೇಳಿದವರಿಗೆ ಈ ಅನುಭವ ಅರ್ಥವಾದೀತು. ಬೀದಿಯಲ್ಲಿ ಜಗ್ಗಲಗಿಗೆ ಅದರದೇ ಗತ್ತು ಇದೆ, ಆದರೆ ವಿಲಂಬಿತ ಖ್ಯಾಲಿನ ಹಿಂದೆ ಯಾರೂ ಅದನ್ನು ಬಾರಿಸುವುದಿಲ್ಲ.

ವಾರವಿಡೀ ಆಂಪ್ಲಿಫೈಯರಿನ ಗುಂಡಿಗಳನ್ನು ತಿರುವಿ ಸೋತ ಮೇಲೆ, ಸ್ಪೀಕರಿನ ಜೊತೆ ಬಂದ ಕಾಗದವನ್ನು ಮೊದಲ ಬಾರಿಗೆ ಪೂರ್ತಿಯಾಗಿ ಓದಿದೆ. ಅದರಲ್ಲಿ ಮೂರು ಅಂಕಿಗಳು ಮುಖ್ಯ. ಎಫ್‌ಎಸ್ ಎಂಬುದು ಸ್ಪೀಕರು ಪೆಟ್ಟಿಗೆಯಿಲ್ಲದೆ ತಾನಾಗಿ ಕಂಪಿಸುವ ಆವರ್ತನ, ನನ್ನದರಲ್ಲಿ 29 ಹರ್ಟ್ಸ್. ವಿಎಎಸ್ ಎಂಬುದು ಸ್ಪೀಕರಿನ ಸ್ಪ್ರಿಂಗಿನಷ್ಟೇ ಬಿಗುವು ಎಷ್ಟು ಲೀಟರ್ ಗಾಳಿಗೆ ಇರುತ್ತದೆ ಎಂಬ ಅಳತೆ, ನನ್ನದರಲ್ಲಿ 42 ಲೀಟರ್. ಕ್ಯೂಟಿಎಸ್ ಎಂಬುದು ಕೋನ್, ಅಂದರೆ ಅಲುಗಿ ಸದ್ದು ಹೊರಡಿಸುವ ಸ್ಪೀಕರಿನ ಶಂಕು, ಎಷ್ಟು ಬೇಗ ಹಿಡಿತಕ್ಕೆ ಬಂದು ನಿಲ್ಲುತ್ತದೆ ಎಂಬುದರ ಸೂಚಕ, ನನ್ನದರಲ್ಲಿ 0.5. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಅವರ ನಂತರ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ರೂಪಿಸಿದ ಈ ಲೆಕ್ಕವನ್ನೇ ಇಂದಿಗೂ ಪೆಟ್ಟಿಗೆ ಕಟ್ಟುವವರು ಬಳಸುತ್ತಾರೆ. ಈ ಕಾಗದವಿಲ್ಲದ ಸ್ಪೀಕರನ್ನು, ಎಷ್ಟೇ ಅಗ್ಗವಾಗಿ ಸಿಕ್ಕರೂ, ನಾನಂತೂ ಇನ್ನು ಕೊಳ್ಳುವುದಿಲ್ಲ.

ಕಾಗದವನ್ನು ಮುಂದಿಟ್ಟುಕೊಂಡು ಆ ಸಿದ್ಧ ಪೆಟ್ಟಿಗೆಯನ್ನು ಟೇಪಿನಿಂದ ಅಳೆದೆ. ಒಳಗಿನ ಗಾಳಿ ಸುಮಾರು 45 ಲೀಟರ್; ಗಾಳಿ ಹೊರಬರುವ ಕೊಳವೆಯ ವ್ಯಾಸ 10 ಸೆಂಟಿಮೀಟರ್, ಉದ್ದ 15 ಸೆಂಟಿಮೀಟರ್. ಬಾಯಿ ಕಿರಿದಾದ ತಂಬಿಗೆಯ ಅಂಚಿಗೆ ಊದಿದರೆ ಒಂದೇ ಸ್ವರ ಹೊರಡುವಂತೆ, ಇಂತಹ ಪೆಟ್ಟಿಗೆಯೂ ಒಂದು ಸ್ವರಕ್ಕೆ ಶ್ರುತಿಗೊಂಡಿರುತ್ತದೆ, ಮತ್ತು ಆ ಸ್ವರವನ್ನು ಕೊಳವೆಯ ಅಗಲ, ಉದ್ದ, ಒಳಗಿನ ಗಾಳಿ ಈ ಮೂರೂ ಸೇರಿ ತೀರ್ಮಾನಿಸುತ್ತವೆ. ಲೆಕ್ಕ ಹಾಕಿದಾಗ ಅದು ಸುಮಾರು 48 ಹರ್ಟ್ಸ್ ಬಂತು; ಎಲ್ಲವೂ ಒಂದೇ ‘ಧಂ’ ಆಗಿ ಕೇಳುತ್ತಿದ್ದುದು ಇದರಿಂದಲೇ. ಅದನ್ನು ಇನ್ನೂ ಆಳದ 33 ಹರ್ಟ್ಸ್‌ಗೆ ಇಳಿಸಬೇಕಾದರೆ ಅದೇ ಕೊಳವೆ ಸುಮಾರು 41 ಸೆಂಟಿಮೀಟರ್ ಉದ್ದವಿರಬೇಕಾಗಿತ್ತು. ಅಷ್ಟು ಉದ್ದದ ಕೊಳವೆ ಆ ಪೆಟ್ಟಿಗೆಯಲ್ಲಿ ನೇರವಾಗಿ ಹಿಡಿಯುವುದೇ ಇಲ್ಲ. ಮೇಲಾಗಿ ಶ್ರುತಿಗಿಂತ ಕೆಳಗಿನ ಸ್ವರಗಳಲ್ಲಿ ಪೆಟ್ಟಿಗೆಯ ಗಾಳಿ ಕೋನಿಗೆ ತಡೆ ಕೊಡುವುದಿಲ್ಲವಾದ್ದರಿಂದ ಅದು ಹಿಡಿತವಿಲ್ಲದೆ ಹಿಂದೆ ಮುಂದೆ ಎಗರುತ್ತದೆ, ತೀರ ಕೆಳಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇಲ್ಲದ ಆಂಪ್ಲಿಫೈಯರಿನಲ್ಲಿ ಕೆಲಕಾಲದಲ್ಲೇ ಹರಿದುಹೋಗಲೂಬಹುದು. ಹಲಗೆಯೋ 12 ಮಿಲಿಮೀಟರಿನ ಪಾರ್ಟಿಕಲ್ ಬೋರ್ಡ್, ಬೆರಳಿನಿಂದ ತಟ್ಟಿದರೆ ಡಬ್ಬಿಯಂತೆ ಸದ್ದು ಮಾಡುತ್ತಿತ್ತು. ಅಂಗಡಿಯವರು ಬಹಳ ಹೊತ್ತು ಮಾತಾಡಿ 2,000 ರೂಪಾಯಿಗೆ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಕೊಟ್ಟಿದ್ದು ಕಚ್ಚಾ ಚೀಟಿಯಾದ್ದರಿಂದ ನಾನು ಹೆಚ್ಚು ವಾದಿಸುವಂತಿರಲಿಲ್ಲ. ಜಿಎಸ್‌ಟಿ ಬಿಲ್ಲನ್ನು ಕೇಳಿ ಪಡೆಯಿರಿ. ವಾರಂಟಿಗೂ ಅದೇ ಬೇಕು, ಮುಂದೆ ವಿಮೆಗೂ ಅದೇ ಬೇಕು.

ಇನ್ನು ಮುಚ್ಚಿದ ಪೆಟ್ಟಿಗೆಯೇ ನನಗೆ ಸರಿಯೆಂದು ತೀರ್ಮಾನಿಸಿದೆ. ಸ್ಪೀಕರಿನ ಕೋನ್ ಮುಂದಿನ ಗಾಳಿಯನ್ನು ಒತ್ತಿದಾಗ ಹಿಂಬದಿಯ ಗಾಳಿಯ ಒತ್ತಡ ಕಡಿಮೆಯಾಗುತ್ತದೆ; ಈ ಎರಡು ವಿರುದ್ಧ ಅಲೆಗಳು ಎದುರುಬದುರಾದರೆ ತಳಸ್ವರ ಅಲ್ಲಿಯೇ ಸತ್ತುಹೋಗುತ್ತದೆ. ಮುಚ್ಚಿದ ಪೆಟ್ಟಿಗೆ ಹಿಂಬದಿಯ ಅಲೆಯನ್ನು ಒಳಗೇ ಕೂಡಿಹಾಕುತ್ತದೆ, ಜೊತೆಗೆ ಒಳಗಿನ ಗಾಳಿಯೇ ಸ್ಪ್ರಿಂಗಿನಂತೆ ಕೋನನ್ನು ಹಿಡಿದು ನಿಲ್ಲಿಸುತ್ತದೆ. ಸದ್ದಿನ ಪ್ರಮಾಣ ಕೊಳವೆಯ ಪೆಟ್ಟಿಗೆಗಿಂತ ಕಡಿಮೆಯೇ. ಆದರೆ ಸ್ವರ ಕೆಳಗೆ ಹೋದಂತೆ ಅದರ ಸದ್ದಿನ ಇಳಿತ ಅಷ್ಟಕಕ್ಕೆ, ಅಂದರೆ ಆವರ್ತನ ಅರ್ಧವಾದಾಗಲೆಲ್ಲ, 12 ಡೆಸಿಬಲ್; ಕೊಳವೆಯದು 24. ಕಾರಿನ ಮುಚ್ಚಿದ ಒಳಾಂಗಣವೋ ತಳಸ್ವರವನ್ನು ತಾನೇ ಎತ್ತಿಕೊಡುವುದರಿಂದ, ಮುಚ್ಚಿದ ಪೆಟ್ಟಿಗೆಯ ಈ ನಿಧಾನವಾದ ಇಳಿತಕ್ಕೂ ಕಾರಿಗೂ ಒಳ್ಳೆಯ ಹೊಂದಾಣಿಕೆಯಾಗುತ್ತದೆ. ಮದುವೆ ಮೆರವಣಿಗೆಯ ಹಾಡುಗಳನ್ನೇ ಹೆಚ್ಚು ಕೇಳುವವರಿಗೆ ಸರಿಯಾಗಿ ಶ್ರುತಿಗೊಂಡ ಕೊಳವೆಯ ಪೆಟ್ಟಿಗೆಯೇ ಇಷ್ಟವಾದೀತು, ಅದರಲ್ಲಿ ತಪ್ಪೇನೂ ಇಲ್ಲ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವವರು ಮಾತ್ರ ಈ ಲೆಕ್ಕಗಳನ್ನೆಲ್ಲ ಬಿಟ್ಟು, ಸೀಟಿನ ಕೆಳಗೆ ಕೂಡುವ 8 ಇಂಚಿನ ಚಪ್ಪಟೆ ಸಬ್‌ವೂಫರಿನ ಕಡೆ ನೋಡುವುದು ಲೇಸು.

ಮುಚ್ಚಿದ ಪೆಟ್ಟಿಗೆಯ ಲೆಕ್ಕ ಸರಳ. ವಿಎಎಸ್ ಅನ್ನು ಪೆಟ್ಟಿಗೆಯ ಲೀಟರಿನಿಂದ ಭಾಗಿಸಿ, ಒಂದನ್ನು ಕೂಡಿಸಿ, ವರ್ಗಮೂಲ ತೆಗೆದು, ಕ್ಯೂಟಿಎಸ್‌ನಿಂದ ಗುಣಿಸಿದರೆ ಕ್ಯೂಟಿಸಿ ಎಂಬ ಅಂಕಿ ಬರುತ್ತದೆ. ಅದು 0.707 ಬಂದರೆ ಸ್ವರ ಸಮತಟ್ಟಾಗಿ ಹೋಗುತ್ತದೆ. 1ರ ಕಡೆಗೆ ಏರಿದಂತೆ ಗುಡುಗು ಹೆಚ್ಚಿ, ಆಳ ಕಡಿಮೆಯಾಗುತ್ತದೆ. ನನ್ನ ಸ್ಪೀಕರಿಗೆ 0.707 ಬರಲು 42 ಲೀಟರ್ ಬೇಕಿತ್ತು. ನನ್ನ ಸ್ವಿಫ್ಟ್ ಕಾರಿನ ಡಿಕ್ಕಿ ಒಟ್ಟು 268 ಲೀಟರ್. ಅದರಲ್ಲಿ ಹಲಗೆಯ ದಪ್ಪ, ಆಂಪ್ಲಿಫೈಯರ್ ಎಲ್ಲ ಸೇರಿ ಸಾಕಷ್ಟು ಜಾಗ ಹೋಗುತ್ತದೆ. “ಡಿಕ್ಕಿ ತುಂಬ ಪೆಟ್ಟಗಿ ಇಟ್ರ ಊರಿಂದ ಬರೂವಾಗ ಜ್ವಾಳದ ಚೀಲಾ ಎಲ್ಲಿ ಇಡೂದಪಾ?” ಎಂದು ಅವ್ವ ಕೇಳಿದ್ದು ನ್ಯಾಯವಾದ ಪ್ರಶ್ನೆಯಾಗಿತ್ತು. ಹೀಗಾಗಿ ಸುಮಾರು 31 ಲೀಟರಿಗೆ ಒಪ್ಪಿಕೊಂಡೆ. ಅದಕ್ಕೆ ಕ್ಯೂಟಿಸಿ 0.77ರ ಹತ್ತಿರ ಬರುತ್ತದೆ.

ಹಿಂಬದಿಯ ಸೀಟಿನ ಬೆನ್ನು ಓರೆಯಾಗಿರುವುದರಿಂದ ಪೆಟ್ಟಿಗೆಯನ್ನೂ ಓರೆಯಾಗಿಯೇ ಯೋಚಿಸಿದೆ. ಒಳಗೆ ಅಗಲ 50.4, ಎತ್ತರ 32.4, ಸರಾಸರಿ ಆಳ 20.4 ಸೆಂಟಿಮೀಟರ್, ಗುಣಿಸಿದರೆ 33.3 ಲೀಟರ್. ಸ್ಪೀಕರಿನ ಅಯಸ್ಕಾಂತ ಮತ್ತು ಬುಟ್ಟಿ ನುಂಗುವ ಎರಡೂವರೆ ಲೀಟರ್ ಕಳೆದರೆ 30.8 ಉಳಿಯುತ್ತದೆ. ಈ ಅಂಕಿಗಳನ್ನು ನೋಟುಬುಕ್ಕಿನ ಹಾಳೆಯಲ್ಲಿ ಚಿತ್ರ ಸಮೇತ ಬರೆದುಕೊಂಡೆ. ಎರಡನೆಯ ಪೆಟ್ಟಿಗೆ ಕೆಟ್ಟದ್ದು ಈ ಹಾಳೆಯಿಂದ.

ಹಲಗೆಗಾಗಿ ಹುಬ್ಬಳ್ಳಿಯ ಮೂರು ಪ್ಲೈವುಡ್ ಅಂಗಡಿಗಳನ್ನು ಸುತ್ತಿದೆ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ, 18 ಮಿಲಿಮೀಟರಿನದು, ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪೂರ್ತಿ ಹಾಳೆಯಾಗಿಯೇ ಸಿಗುತ್ತದೆ, ಅರ್ಧ ಕತ್ತರಿಸಿ ಕೊಡಲು ಯಾರೂ ಒಪ್ಪಲಿಲ್ಲ. ತೇವವನ್ನು ತುಸು ತಾಳುವ ಬಗೆಯದನ್ನು 3,100 ರೂಪಾಯಿಗೆ ಕೊಂಡೆ. ಅಷ್ಟು ದೊಡ್ಡ ಹಾಳೆ ನಲವತ್ತು ಕೆಜಿ ತೂಗುತ್ತದೆ, ಕಾರಿನಲ್ಲಿ ಬರುವುದಿಲ್ಲ. ಅಂಗಡಿಯಲ್ಲಿಯೇ ಅಡ್ಡಲಾಗಿ ಎರಡು ತುಂಡು ಮಾಡಿಸಿ, ಮಿನಿ ಟೆಂಪೋದಲ್ಲಿ ಹಾಕಿಕೊಂಡು ಹೊರಟಾಗ ಉಣಕಲ್ ಕೆರೆಯ ಹತ್ತಿರ ಮಳೆ ಹಿಡಿಯಿತು. ಧಾರವಾಡದ ಜುಲೈ ತಿಂಗಳ ಮಳೆ ಜೋರಾಗಿ ಸುರಿದು ನಿಲ್ಲುವ ಜಾತಿಯದಲ್ಲ, ಜಿಟಿಜಿಟಿ ಹಿಡಿದರೆ ಬಿಡುವುದಿಲ್ಲ. ತಾಡಪತ್ರಿಯ ಹೊರಗೆ ಉಳಿದಿದ್ದ ಒಂದು ಅಂಚು ನೀರು ಕುಡಿದು ಉಬ್ಬಿತು. ಉಬ್ಬಿದ ಎಂಡಿಎಫ್ ಒಣಗಿದರೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲವಾದ್ದರಿಂದ ಆ ಅಂಚನ್ನು ನಾಲ್ಕು ಬೆರಳಿನಷ್ಟು ಕೊಯ್ದು ಬಿಸಾಡಬೇಕಾಯಿತು.

ಪೆಟ್ಟಿಗೆ ಮಾಡಿಕೊಡಲು ಒಪ್ಪಿದ ಬಡಿಗೇರ ಕಾಕಾ ಅನುಭವಸ್ಥರು, ಆದರೆ ಅವರ ಅನುಭವವೆಲ್ಲ ಡಿಜೆ ಬಾಕ್ಸುಗಳದು. ನಮ್ಮ ಅವಳಿ ನಗರದಲ್ಲಿ ಗಣಪತಿ ಹಬ್ಬಕ್ಕೆ ಎರಡು ತಿಂಗಳು ಮುಂಚಿನಿಂದಲೇ ಇಂತಹವರ ಕೈ ತೆರವಿರುವುದಿಲ್ಲ ಎಂಬುದನ್ನು ನೀವು ನೆನಪಿಡಬೇಕು. ಜುಲೈಯಲ್ಲಿ ಹೋದ ನನಗೆ “ಪಂಚಮಿ ಮುಗೀಲಿ” ಎಂದರು. ಪಂಚಮಿಗೆ ಊರಿಗೆ ಹೋದವರು ಉಂಡಿ, ಜೋಕಾಲಿ ಎಲ್ಲ ಮುಗಿಸಿ ಒಂಬತ್ತು ದಿನಗಳ ನಂತರ ಬಂದರು. ನನ್ನ ಅಳತೆಯ ಹಾಳೆಯನ್ನು ನೋಡಿ, “ಇಷ್ಟ ಸಣ್ಣದೇನ್ರೀ?” ಎಂದು ಒಮ್ಮೆ ಕೇಳಿದರು ಕೂಡ. ಆ ಪ್ರಶ್ನೆಯನ್ನು ಡಿಜೆ ಬಾಕ್ಸು ಕಟ್ಟುವವರ ರೂಢಿಯ ಮಾತೆಂದು ತಿಳಿದು ನಕ್ಕುಬಿಟ್ಟೆ.

ನಾಲ್ಕು ದಿನ ಬಿಟ್ಟು ಹೋದಾಗ ಪೆಟ್ಟಿಗೆ ಬಹಳ ಚೊಕ್ಕವಾಗಿ ತಯಾರಾಗಿತ್ತು. ಸ್ಪೀಕರನ್ನು ಇಳಿಸಿ ನೋಡಿದರೆ, 28 ಸೆಂಟಿಮೀಟರಿನ ರಂಧ್ರಕ್ಕೂ ಒಳಗಿನ ಮೇಲು ಹಲಗೆಗೂ ನಡುವೆ ನಾಲ್ಕೇ ಮಿಲಿಮೀಟರ್ ಉಳಿದಿತ್ತು. ಅಯಸ್ಕಾಂತದ ಬೆನ್ನಿನಲ್ಲಿರುವ, ಸುರುಳಿಯ ಬಿಸಿ ಹೊರಹೋಗುವ ಕಿಂಡಿ ಹಿಂದಿನ ಹಲಗೆಗೆ ಎರಡು ಬೆರಳಿನಷ್ಟು ಹತ್ತಿರ ಬಂದಿತ್ತು. ನಾನು ಬರೆದುಕೊಟ್ಟಿದ್ದ 50.4, 32.4, 20.4 ಅನ್ನು ಕಾಕಾ ಹೊರಗಿನ ಅಳತೆ ಎಂದು ಹಿಡಿದಿದ್ದರು. ಎರಡೂ ಬದಿಯ ಹಲಗೆ ಸೇರಿ ಪ್ರತಿ ಅಳತೆಯಲ್ಲಿಯೂ 3.6 ಸೆಂಟಿಮೀಟರ್ ಕಡಿಮೆಯಾಗಿ, ಒಳಗೆ ಉಳಿದದ್ದು 22.6 ಲೀಟರ್, ಸ್ಪೀಕರು ಕಳೆದರೆ ಇಪ್ಪತ್ತು. ಮೂರೂವರೆ ಸೆಂಟಿಮೀಟರೆಂದರೆ ಏನು ಮಹಾ ಎನ್ನಿಸುತ್ತದೆ, ಮೂರು ದಿಕ್ಕಿನಲ್ಲಿ ಗುಣಿಸಿದಾಗ ಪೆಟ್ಟಿಗೆಯ ಮೂರನೆಯ ಒಂದು ಪಾಲು ಗಾಳಿ ಹೋಗಿತ್ತು. ಕ್ಯೂಟಿಸಿ 0.88ಕ್ಕೆ ಏರಿತ್ತು.

“ಕಾಕಾ, ಇದು ಒಳಗಿನ ಅಳತಿ ಆಗಿತ್ತಲ್ಲರೀ” ಎಂದೆ.

“ಹಂಗಂತ ಎಲ್ಲಿ ಬರದೀರಿ ತೋರಸ್ರಿ ಸರ್ರ. ಬಡಿಗ್ಯಾರಿಗೆ ಅಳತಿ ಅಂದ್ರ ಹೊರಗಿಂದ. ಕಪಾಟ ಮಾಡಸೂವಾಗ ಯಾರರ ಒಳಗಿನ ಅಳತಿ ಕೊಡತಾರೇನು?”

ಅವರ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಕೂಲಿ 1,800 ರೂಪಾಯಿ ಕೊಟ್ಟೆ. ಆ ರಾತ್ರಿ ಊಟ ರುಚಿಸಲಿಲ್ಲವೆಂದರೆ ಅತಿಶಯೋಕ್ತಿಯಲ್ಲ. ಹಣಕ್ಕಿಂತ ಹೆಚ್ಚಾಗಿ, ಇಷ್ಟೆಲ್ಲ ಲೆಕ್ಕ ಮಾಡಿಯೂ ಒಂದು ಪದ ಬರೆಯದೆ ಹೋದೆನಲ್ಲ ಎಂಬುದು ಕೊರೆಯುತ್ತಿತ್ತು. ಪೂರ್ತಿ ಹಾಳೆ ಕೊಳ್ಳಬೇಕಾಯಿತೆಂದು ಗೊಣಗಿದ್ದೆನಲ್ಲ, ಅದೇ ಈಗ ಉಪಕಾರವಾಯಿತು: ಉಳಿದ ಹಲಗೆಯಲ್ಲಿ ಇನ್ನೊಂದು ಪೆಟ್ಟಿಗೆ ಸಲೀಸಾಗಿ ಬರುತ್ತಿತ್ತು. ಆದರೆ ಕಾಕಾ ಅಷ್ಟರಲ್ಲಿ ಹಬ್ಬದ ಡಿಜೆ ಬಾಕ್ಸುಗಳಲ್ಲಿ ಮುಳುಗಿದ್ದರು. ಗಣಪತಿ ಎದ್ದು ಹೋಗುವವರೆಗೆ ಕಾಯದೆ ಬೇರೆ ದಾರಿ ಇರಲಿಲ್ಲ.

ಮೂರನೆಯದಕ್ಕೆ ಹಳೆಯ ರಟ್ಟಿನಿಂದ ಪೂರ್ತಿ ಗಾತ್ರದ ಮಾದರಿ ಮಾಡಿ, ಡಿಕ್ಕಿಯಲ್ಲಿಟ್ಟು, ಬಾಗಿಲು ಮುಚ್ಚಿ ತೆರೆದು ನೋಡಿದೆ. ಇದನ್ನು ಯಾರೂ ತಪ್ಪಿಸಬಾರದು, ಏಕೆಂದರೆ ಡಿಕ್ಕಿಯ ಬಾಗಿಲಿನ ಒಳಮೈ ಎಷ್ಟು ಮುಂದಕ್ಕೆ ಬರುತ್ತದೆಂಬುದು ಟೇಪಿಗೆ ಗೊತ್ತಾಗುವುದಿಲ್ಲ. ಹೊರ ಅಳತೆ: ಅಗಲ 54, ಎತ್ತರ 36, ಮೇಲೆ ಆಳ 20, ಕೆಳಗೆ ಆಳ 28 ಸೆಂಟಿಮೀಟರ್. ಹಾಳೆಯ ನೆತ್ತಿಯ ಮೇಲೆ ‘ಹೊರಗಿನ ಅಳತಿ’ ಎಂದು ಕೆಂಪು ಪೆನ್ನಿನಲ್ಲಿ ಬರೆದು, ಕಾಕಾ ಕೊಯ್ಯುವಾಗ ಪಕ್ಕದಲ್ಲಿಯೇ ನಿಂತೆ.

ಆ ಒಂದು ದಿನ ನಿಂತಿದ್ದಕ್ಕೆ ಕಲಿತದ್ದು ಬಹಳ. ಎಂಡಿಎಫ್‌ನ ಅಂಚಿಗೆ ನೇರವಾಗಿ ಸ್ಕ್ರೂ ಬಿಗಿದರೆ ಪದರು ಬಿಟ್ಟುಕೊಳ್ಳುತ್ತದೆ, ಮೊದಲು ಸಣ್ಣ ಡ್ರಿಲ್ಲಿನಿಂದ ರಂಧ್ರ ಮಾಡಿಕೊಳ್ಳಬೇಕು. ನಿಜವಾಗಿ ಹಿಡಿದಿಡುವುದು ಸ್ಕ್ರೂ ಅಲ್ಲ, ಫೆವಿಕಾಲ್. ಅದು ಅಂಚಿನುದ್ದಕ್ಕೂ ಮಣಿ ಮಣಿಯಾಗಿ ಹೊರಬರುವಷ್ಟು ಹಚ್ಚಬೇಕು. ಸ್ಪೀಕರು ಕೂಡುವ ಮುಂಭಾಗಕ್ಕೆ ಹೊರಗಿನಿಂದ ಎರಡನೆಯ ಹಲಗೆ ಅಂಟಿಸಿ 36 ಮಿಲಿಮೀಟರ್ ದಪ್ಪ ಮಾಡಿಸಿದೆ, ಹೊರಗಿನಿಂದಾದ್ದರಿಂದ ಒಳಗಿನ ಲೀಟರಿಗೆ ಹೆಚ್ಚು ವ್ಯತ್ಯಾಸವಾಗಲಿಲ್ಲ. ಒಳಮೂಲೆಗಳಿಗೆ ಸಿಲಿಕೋನ್ ಹಚ್ಚಿದ ಮೇಲೆ ಒಂದು ಪೂರ್ತಿ ದಿನ ತೆರೆದಿಟ್ಟು, ಅದರ ವಿನೆಗರಿನಂತಹ ವಾಸನೆ ಹೋದ ಮೇಲೆಯೇ ಸ್ಪೀಕರು ಕೂಡಿಸಬೇಕು, ಇಲ್ಲವಾದರೆ ಆ ಆವಿ ಸ್ಪೀಕರಿನ ಅಂಟಿಗೆ ಒಳ್ಳೆಯದಲ್ಲ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ ತುಂಬಿದರೆ ಸ್ಪೀಕರಿಗೆ ಪೆಟ್ಟಿಗೆ ತುಸು ದೊಡ್ಡದಾದಂತೆ ಅನುಭವವಾಗುತ್ತದೆ. ಗಾದಿ ಅಂಗಡಿಯಿಂದ ಅರ್ಧ ಕೆಜಿ ತಂದು ಹಾಕಿದೆ, ಅಯಸ್ಕಾಂತದ ಕಿಂಡಿಯನ್ನು ಮಾತ್ರ ಬಿಟ್ಟೆ.

ಗಾಳಿ ಸೋರುತ್ತದೆಯೇ ಎಂದು ನೋಡಲು ಮೊಬೈಲಿನಿಂದ 30 ಹರ್ಟ್ಸ್ ಸ್ವರವನ್ನು ಸಣ್ಣಗೆ ನುಡಿಸಿ, ಹೊತ್ತಿಸಿದ ಊದುಬತ್ತಿಯನ್ನು ಪ್ರತಿಯೊಂದು ಅಂಚಿನ ಗುಂಟ ನಿಧಾನವಾಗಿ ಒಯ್ದೆವು. ಹಲಗೆಯ ಕೂಡುಗಳಲ್ಲಿ ಹೊಗೆ ನೆಟ್ಟಗೆ ಏರಿತು, ವೈರು ಸಿಕ್ಕಿಸುವ ಪ್ಲಾಸ್ಟಿಕ್ ಟರ್ಮಿನಲ್ಲಿನ ಹತ್ತಿರ ಬಂದಾಗ ನಡುಗಿತು. ಅದರ ಸುತ್ತ ಫೋಮ್ ಪಟ್ಟಿ ಇಟ್ಟು ಬಿಗಿದ ಮೇಲೆ ನಿಂತಿತು. “ಪೂಜಿ ಆತು ಬಿಡ್ರಿ” ಎಂದರು ಕಾಕಾ.

ಮೊದಲ ಪೆಟ್ಟಿಗೆ ಕೂಡಿಸುವಾಗಲೇ ವೈರಿಂಗಿನಲ್ಲಿ ಒಂದು ಜಗಳ ನಡೆದಿತ್ತು. ಕೂಡಿಸಲು ಬಂದ ಹುಡುಗ ಫ್ಯೂಜನ್ನು ಡಿಕ್ಕಿಯಲ್ಲಿ, ಆಂಪ್ಲಿಫೈಯರಿನ ಪಕ್ಕ ಹಾಕಿದ್ದ. ಬ್ಯಾಟರಿಯಿಂದ ಹಿಂದಿನವರೆಗೆ ಬರುವ ವೈರು ದಾರಿಯಲ್ಲಿ ಎಲ್ಲಿಯಾದರೂ ತಗಡಿಗೆ ಉಜ್ಜಿ ತಾಗಿದರೆ ಆ ಫ್ಯೂಜ್ ಏನೂ ಮಾಡಲಾರದು, ವೈರೇ ಹೊತ್ತಿಕೊಳ್ಳುತ್ತದೆ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ 40 ಆಂಪಿಯರಿನ ಫ್ಯೂಜ್ ಹಾಕಿಸುವವರೆಗೆ ನಾನು ಹಣ ಕೊಡಲಿಲ್ಲ. ವೈರಿನ ಕಿಟ್ ಕೊಳ್ಳುವಾಗಲೂ ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಮೇಲೆ ತಾಮ್ರದ ಬಣ್ಣವಿದ್ದು ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಕಾರಿನ ಮೂಲ ವೈರನ್ನು ಕತ್ತರಿಸದೆ ಕಪ್ಲರ್, ಅಂದರೆ ಸಿಕ್ಕಿಸುವ ಜೋಡಣೆಯ ಮೂಲಕವೇ ಕೂಡಿಸಿದರೆ ಕಂಪನಿಯ ವಾರಂಟಿಯ ತಕರಾರು ಬರುವ ಸಂಭವ ಕಡಿಮೆ. ಕಂಪನಿಯಿಂದಲೇ ಬಾರದ ಇಂತಹ ವಿದ್ಯುತ್ ಉಪಕರಣಗಳನ್ನು ವಿಮೆಯಲ್ಲಿ ಬೇರೆಯಾಗಿ ತೋರಿಸಿ ಹೆಚ್ಚುವರಿ ಪ್ರೀಮಿಯಂ ಕಟ್ಟದಿದ್ದರೆ ಕಳುವಾದಾಗ ಪರಿಹಾರ ಸಿಗುವುದಿಲ್ಲ, ಬಿಲ್ಲು ಬೇಕೆಂದಿದ್ದು ಅದಕ್ಕೇ.

ಖರ್ಚು ಹೇಳಿಬಿಡುತ್ತೇನೆ. ಸ್ಪೀಕರು 7,500, ಆಂಪ್ಲಿಫೈಯರ್ 8,900, ವೈರ್ ಕಿಟ್ 3,800, ಕೂಡಿಸಿದ ಕೂಲಿ 2,000. ಪೆಟ್ಟಿಗೆಯ ಬಾಬತ್ತಿಗೆ: ಮೊದಲನೆಯದರಲ್ಲಿ ಕಳೆದುಕೊಂಡದ್ದು 1,500, ಹಲಗೆ 3,100, ಕಾಕಾ ಅವರ ಎರಡು ಸಲದ ಕೂಲಿ 1,800 ಮತ್ತು 2,200, ಹೊದಿಸಿದ ಕಾರ್ಪೆಟ್ ಬಟ್ಟೆ 700, ಅಂಟು, ಸ್ಕ್ರೂ, ಹತ್ತಿ ಇತ್ಯಾದಿ 900. ಎಲ್ಲ ಸೇರಿ 32,400 ರೂಪಾಯಿ, ಅದರಲ್ಲಿ ಪೆಟ್ಟಿಗೆಯದೇ 10,200. ತಪ್ಪುಗಳನ್ನು ಬಿಟ್ಟರೆ ಪೆಟ್ಟಿಗೆ 6,900ಕ್ಕೆ ಮುಗಿಯುತ್ತಿತ್ತು.

ಮೇಲಿನ ಸ್ವರಗಳನ್ನು ತಡೆದು ಕೆಳಗಿನವನ್ನಷ್ಟೇ ಸಬ್‌ವೂಫರಿಗೆ ಬಿಡುವ ಲೋ ಪಾಸ್ ಫಿಲ್ಟರನ್ನು ಮೊದಲು 80 ಹರ್ಟ್ಸ್‌ಗೆ ಇಟ್ಟು, ಆಮೇಲೆ 70ಕ್ಕೆ ಇಳಿಸಿದೆ. ಡಗ್ಗ ಈಗ ಹಿಂದಿನ ಡಿಕ್ಕಿಯಿಂದ ಬರದೆ ಮುಂದಿನ ಗಾಜಿನ ಹತ್ತಿರದಿಂದ ಬಂದಂತೆ ಕೇಳುತ್ತದೆ, ಮೀಂಡ್ ಜಾರುವುದು ಕಿವಿಗೆ ಕಾಣುತ್ತದೆ. ಮೊದಲ ದಿನ ಟೋಲ್ ನಾಕಾದ ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನಿಂದ ಜರ್ ಎಂಬ ಸದ್ದು ಬರುತ್ತಿತ್ತು. ಹುಡುಕಿದರೆ ಅದು ಹಿಂದಿನ ನಂಬರ್ ಪ್ಲೇಟ್. ಹೊಸ ಅತಿಸುರಕ್ಷಿತ ಪ್ಲೇಟುಗಳ ಲಾಕ್ ಬಿಚ್ಚಲು ಬರುವುದಿಲ್ಲ, ಅಂಚಿನಿಂದಲೇ ಫೋಮ್ ಟೇಪಿನ ತುಂಡುಗಳನ್ನು ತೂರಿಸಿದ ಮೇಲೆ ಅದು ಸುಮ್ಮನಾಯಿತು.

ಪೆಟ್ಟಿಗೆ ಸ್ಪೀಕರು ಸಮೇತ ಇಪ್ಪತ್ತು ಕೆಜಿಯಷ್ಟಾಗಿದೆ. ಜೋರಾಗಿ ಬ್ರೇಕ್ ಹಾಕಿದಾಗ ಅದು ಮುಂದೆ ಕುಳಿತವರ ಬೆನ್ನಿಗೆ ಬರಬಾರದೆಂದು, ಎರಡು ಕಬ್ಬಿಣದ ಪಟ್ಟಿಗಳಿಂದ ಡಿಕ್ಕಿಯ ತಳಕ್ಕೆ ಬಿಗಿದು, ಕೈಯಿಂದಲೇ ಬಿಚ್ಚಬಹುದಾದ ರೆಕ್ಕೆಯ ನಟ್ಟು ಹಾಕಿಸಿದ್ದೇನೆ. ಸ್ಟೆಪ್ನಿ ಗಾಲಿ ಪೆಟ್ಟಿಗೆಯ ಕೆಳಗೇ ಇರುವುದರಿಂದ ಇದು ಬೇಕೇ ಬೇಕು. ಮೊನ್ನೆ ಬುಧವಾರ ಗದಗಿಗೆ ಹೋಗುವಾಗ ಅಣ್ಣಿಗೇರಿಯ ಈಚೆ ಪಂಕ್ಚರ್ ಆಯಿತು. ನಟ್ಟು ಬಿಚ್ಚಿ, ವೈರಿನ ಪಿನ್ನು ಕಿತ್ತು, ಪೆಟ್ಟಿಗೆಯನ್ನು ಎತ್ತಿ ರಸ್ತೆ ಬದಿಯ ಕಲ್ಲಿನ ಮೇಲಿಡಲು ಆರು ನಿಮಿಷ ಹಿಡಿಯಿತು. ಕುರಿ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ನಿಂತು ಅದನ್ನು ಸುತ್ತು ಬಂದು ನೋಡಿ, “ಜೇನಿನ ಪೆಟಗಿ ಏನೋ ತಮ್ಮಾ?” ಎಂದು ಕೇಳಿದರು. ಅಲ್ಲ, ಹಾಡಿನ ಪೆಟ್ಟಿಗೆ ಎಂದೆ. ಅವರು ಅದನ್ನು ಬೆರಳಿನಿಂದ ಒಮ್ಮೆ ತಟ್ಟಿದರು, ಕಿವಿಗೊಟ್ಟು ಕೇಳಿ, “ಗಟ್ಟಿ ಐತಿ ಬಿಡು” ಎಂದು ಕುರಿಗಳ ಹಿಂದೆ ನಡೆದರು.